ಪೈಪೈಲಾನ್‌ನಲ್ಲಿ ಹತ್ತೇ ಚಿತ್ರ ಬಂದು ಟೈಮ್‌ಔಟ್ ಆಗುತ್ತಿದೆ, ಯಾಕೆ?

ನಿಮ್ಮ ಪ್ರಶ್ನೆ ಇಷ್ಟು: ಬಾಟಲಿ ಮುಚ್ಚಳ ನೋಡಲು ಕನ್ವೇಯರ್ ಮೇಲೆ ಎರಡು ಬಾಸ್ಲರ್ ಏಸ್ ಗಿಗಾಬಿಟ್ ಈಥರ್ನೆಟ್ ಕ್ಯಾಮೆರಾ ಇವೆ. ಕಪ್ಪು-ಬಿಳುಪು, 2448×2048. ಚಿತ್ರ ಪರಿಶೀಲಿಸುವ ಲೈಬ್ರರಿ ಓಪನ್‌ಸಿವಿಯ ವಿಡಿಯೋಕ್ಯಾಪ್ಚರ್‌ಗೆ ಅವು ಕಾಣಲೇ ಇಲ್ಲ. ಬಾಸ್ಲರ್‌ನದೇ ಪೈಥಾನ್ ಲೈಬ್ರರಿ ಪೈಪೈಲಾನ್‌ನಲ್ಲಿ ಹತ್ತು ಚಿತ್ರ ಬಂದು ಟೈಮ್‌ಔಟ್ ಆಗುತ್ತದೆ. ಎರಡನ್ನೂ ಒಟ್ಟಿಗೆ ಓಡಿಸಿದರೆ 'ಬಫರ್ ಇನ್‌ಕಂಪ್ಲೀಟ್ಲಿ ಗ್ರ್ಯಾಬ್ಡ್' ಎಂಬ ಎರರ್. ಬಂದ ಚಿತ್ರವೂ ಮಸುಕು. ಬೆಲ್ಟ್ ವೇಗ ಸೆಕೆಂಡಿಗೆ 500 ಮಿಮೀ, ಸೆಕೆಂಡಿಗೆ ಐದು ಬಾಟಲಿ, ಎಕ್ಸ್‌ಪೋಷರ್ (ಒಂದು ಚಿತ್ರಕ್ಕೆ ಬೆಳಕು ತೆಗೆದುಕೊಳ್ಳುವ ಸಮಯ) 5000 ಮೈಕ್ರೊಸೆಕೆಂಡ್ ಅಂತಲೂ ಬರೆದಿದ್ದೀರಿ, ಕೋಡನ್ನೂ ಹಾಕಿದ್ದೀರಿ. ಇವು ನಾಲ್ಕು ಬೇರೆ ಬೇರೆ ತೊಂದರೆ, ಒಂದಕ್ಕೊಂದು ಸಂಬಂಧವಿಲ್ಲ.

ಓಪನ್‌ಸಿವಿ ವಿಷಯ ಮೊದಲು ಮುಗಿಸೋಣ. ಈ ಕ್ಯಾಮೆರಾ ವೆಬ್‌ಕ್ಯಾಮ್ ಅಲ್ಲ. ಚಿತ್ರ ಕಳಿಸುವುದು ಕಾರ್ಖಾನೆ ಕ್ಯಾಮೆರಾಗಳಿಗಿರುವ ಗಿಗ್ಇ ವಿಷನ್ ನಿಯಮದ ಪ್ರಕಾರ, ನೆಟ್‌ವರ್ಕ್ ಮೇಲೆ ಸಣ್ಣ ಸಣ್ಣ ಯುಡಿಪಿ ಪ್ಯಾಕೆಟ್‌ಗಳಲ್ಲಿ. ಹಾಗಾಗಿ ಚಿತ್ರ ತರುವ ಕೆಲಸ ಪೈಪೈಲಾನ್‌ಗೆ, ಚಿತ್ರ ನೋಡುವ ಕೆಲಸ ಓಪನ್‌ಸಿವಿಗೆ. 'ಪಿಪ್ ಇನ್‌ಸ್ಟಾಲ್ ಪೈಪೈಲಾನ್' ಅಂದರೆ ಬೇಕಾದ ರನ್‌ಟೈಮ್ ಜೊತೆಗೇ ಬರುತ್ತದೆ. ಆದರೂ ಪೂರ್ತಿ ಪೈಲಾನ್ ಸೂಟ್ ಹಾಕಿಕೊಳ್ಳಿ: ಐಪಿ ಕಾನ್ಫಿಗರೇಟರ್, ವ್ಯೂವರ್, ವಿಂಡೋಸ್ ಆದರೆ ನೆಟ್‌ವರ್ಕ್ ಡ್ರೈವರ್ ಅದರಲ್ಲಿವೆ.

ಈಗ ಆ ಹತ್ತು ಚಿತ್ರ. ಉತ್ತರ ನಿಮ್ಮ ಲೆಕ್ಕದಲ್ಲೇ ಇದೆ. ಬಂದ ಚಿತ್ರ ಇಳಿಸಿಕೊಳ್ಳುವ ಮೆಮೊರಿ ಜಾಗಕ್ಕೆ ಬಫರ್ ಅನ್ನುತ್ತಾರೆ; ಅವು ಎಷ್ಟಿರಬೇಕು ಅಂತ ಹೇಳುವ ಪೈಲಾನ್‌ನ 'ಮ್ಯಾಕ್ಸ್‌ನಮ್‌ಬಫರ್' ತಾನಾಗಿ ಇರುವುದು 10. ನೀವು 'ರಿಟ್ರೀವ್‌ರಿಸಲ್ಟ್' ಕೊಟ್ಟ ಫಲಿತಾಂಶವನ್ನು ಹಾಗೇ ಒಂದು ಲಿಸ್ಟ್‌ಗೆ ಅಪೆಂಡ್ ಮಾಡುತ್ತಿದ್ದೀರಿ. ಆ ವಸ್ತು ಕೈಯಲ್ಲಿ ಇರುವಷ್ಟು ಕಾಲ ಅದರ ಬಫರ್ ಕ್ಯಾಮೆರಾ ಸಾಲಿಗೆ ವಾಪಸ್ ಹೋಗುವುದಿಲ್ಲ. ಹತ್ತೂ ಬಫರ್ ಲಿಸ್ಟ್‌ನಲ್ಲಿ ಕೂತ ಮೇಲೆ ಹನ್ನೊಂದನೆಯ ಚಿತ್ರ ಇಳಿಸಲು ಜಾಗವೇ ಇಲ್ಲ. ಒಂದೇ ವೇರಿಯಬಲ್‌ಗೆ ಮತ್ತೆ ಮತ್ತೆ ತೆಗೆದುಕೊಳ್ಳುವ ಕೋಡ್‌ನಲ್ಲಿ ಈ ತೊಂದರೆ ಕಾಣುವುದಿಲ್ಲ, ಯಾಕಂದರೆ ಅಲ್ಲಿ ಹಳೆಯದು ತಾನೇ ಬಿಡುಗಡೆ ಆಗುತ್ತದೆ. ಮ್ಯಾಕ್ಸ್‌ನಮ್‌ಬಫರ್ 50ಕ್ಕೆ ಏರಿಸಿದರೆ ಐವತ್ತಕ್ಕೆ ನಿಲ್ಲುತ್ತದೆ, ಅಷ್ಟೇ.

ಕ್ರಮ ಹೀಗಿರಲಿ. ಫಲಿತಾಂಶ ಬಂದ ಕೂಡಲೇ 'ಗ್ರ್ಯಾಬ್‌ಸಕ್ಸೀಡೆಡ್' ಕೇಳಿ. ಹೌದು ಅಂದರೆ '.ಅರೇ' ಮೂಲಕ ನಮ್‌ಪೈ ಅರೇ ತೆಗೆದುಕೊಳ್ಳಿ. ಅದು ಬೇರೆ ಪ್ರತಿ, ಆಮೇಲೆ ಎಷ್ಟು ಹೊತ್ತಾದರೂ ಇಟ್ಟುಕೊಳ್ಳಬಹುದು. ಇಲ್ಲ ಅಂದರೆ ಎರರ್ ಕೋಡ್ ಲಾಗ್‌ಗೆ ಬರೆಯಿರಿ. ಎರಡರಲ್ಲಿ ಯಾವುದಾದರೂ ಕೊನೆಗೆ 'ರಿಲೀಸ್', ಅದನ್ನು ಫೈನಲಿ ಭಾಗದಲ್ಲೇ ಇಡಿ. ಪ್ರತಿ ಮಾಡದೆ ಓದುವ 'ಗೆಟ್‌ಅರೇಝೀರೋಕಾಪಿ' ಕೂಡ ಇದೆ, ಆದರೆ ವಿತ್ ಬ್ಲಾಕ್ ಮುಗಿಯುವಾಗ ಆ ಅರೇ ಇನ್ನೊಂದು ಕಡೆ ಹಿಡಿದಿದ್ದರೆ ಎರರ್ ಎಸೆಯುತ್ತದೆ. ಸೆಕೆಂಡಿಗೆ ಐದು ಚಿತ್ರಕ್ಕೆ ಅದರ ಗೊಡವೆ ಬೇಡ.

ಇನ್ನೊಂದು ಮಾತು. ನೀವು 'ಲೇಟೆಸ್ಟ್‌ಇಮೇಜ್‌ಓನ್ಲಿ' ತಂತ್ರ, ಅಂದರೆ ತೀರಾ ಈಚಿನ ಚಿತ್ರ ಮಾತ್ರ ಇಟ್ಟುಕೊಳ್ಳುವ ಕ್ರಮ, ಹಾಕಿದ್ದೀರಿ. ಪರದೆ ಮೇಲೆ ಲೈವ್ ನೋಡಲು ಅದು ಸರಿ, ತಪಾಸಣೆಗೆ ಖಂಡಿತ ತಪ್ಪು: ನಿಮ್ಮ ಕೋಡ್ ಒಂದು ಕ್ಷಣ ತಡಮಾಡಿದರೆ ನಡುವಿನ ಬಾಟಲಿ ಯಾರೂ ನೋಡದೆ ಪ್ಯಾಕಿಂಗ್‌ಗೆ ಹೋಗುತ್ತದೆ. ಬಂದ ಸಾಲಿನಲ್ಲೇ ಎಲ್ಲ ಚಿತ್ರ ಕೊಡುವ 'ಒನ್‌ಬೈಒನ್' ಇಡಿ. ಚಿತ್ರ ತೆಗೆಯುವ ಥ್ರೆಡ್ ಬೇರೆ, ಪರೀಕ್ಷಿಸುವ ಥ್ರೆಡ್ ಬೇರೆ ಮಾಡಿ ನಡುವೆ ಒಂದು ಕ್ಯೂ ಇಡಿ. ಚಿತ್ರ ತಪ್ಪಿತೇ ಅಂತ ತಿಳಿಯಲು ಚಿತ್ರದ ಕ್ರಮಸಂಖ್ಯೆ 'ಬ್ಲಾಕ್‌ಐಡಿ' ನೋಡಿ. ಹಿಂದಿನದಕ್ಕಿಂತ ಒಂದು ಹೆಚ್ಚಿರಬೇಕು. ನಿಮ್ಮಂಥ ಹಳೆಯ ಏಸ್ ಕ್ಯಾಮೆರಾಗಳಲ್ಲಿ ಅದು 65535 ಆದ ಮೇಲೆ ಮತ್ತೆ 1ಕ್ಕೆ ಬರುತ್ತದೆ, ಅದನ್ನು ತಪ್ಪಿದ ಚಿತ್ರ ಅಂತ ಎಣಿಸಬೇಡಿ.

ಇನ್‌ಕಂಪ್ಲೀಟ್ಲಿ ಗ್ರ್ಯಾಬ್ಡ್ ಅಂದರೆ ಚಿತ್ರದ ಕೆಲವು ಪ್ಯಾಕೆಟ್ ದಾರಿಯಲ್ಲಿ ಕಳೆದಿವೆ. ನಿಮ್ಮ ಒಂದು ಚಿತ್ರ ಸುಮಾರು 50 ಲಕ್ಷ ಬೈಟ್. 1500 ಬೈಟ್‌ನ ಪ್ಯಾಕೆಟ್ ಆದರೆ ಸುಮಾರು 3,400 ತುಂಡು, 8192ರದ್ದಾದರೆ ಸುಮಾರು 615. ತುಂಡು ಕಡಿಮೆಯಾದಷ್ಟೂ ಕಂಪ್ಯೂಟರಿಗೆ ಹೊರೆ ಕಡಿಮೆ. ಆದ್ದರಿಂದ ನೆಟ್‌ವರ್ಕ್ ಕಾರ್ಡ್‌ನಲ್ಲಿ ಜಂಬೊ ಫ್ರೇಮ್ (ದೊಡ್ಡ ಪ್ಯಾಕೆಟ್) 9000 ಮಾಡಿ, ನಡುವಿನ ಸ್ವಿಚ್ ಅದನ್ನು ಬಿಡುತ್ತದೆಯೇ ನೋಡಿ, ಆಮೇಲೆ ಕ್ಯಾಮೆರಾದಲ್ಲಿ ಪ್ಯಾಕೆಟ್ ಗಾತ್ರದ ಸೆಟ್ಟಿಂಗ್ 'ಗೆವ್ ಎಸ್‌ಸಿಪಿಎಸ್ ಪ್ಯಾಕೆಟ್‌ಸೈಜ್' 8192 ಇಡಿ. ಕಾರ್ಡ್ 1500ರಲ್ಲೇ ಇದ್ದು ಕ್ಯಾಮೆರಾ ಮಾತ್ರ ಏರಿಸಿದರೆ ಒಂದು ಚಿತ್ರವೂ ಬರುವುದಿಲ್ಲ. ಕಾರ್ಡ್‌ನ ರಿಸೀವ್ ಬಫರ್ ಅದು ಕೊಡುವಷ್ಟೂ ಏರಿಸಿ. ಲಿನಕ್ಸ್ ಆದರೆ ರಿಸೀವ್ ಬಫರಿನ ಗರಿಷ್ಠ ಮಿತಿ 'ನೆಟ್.ಕೋರ್.ಆರ್‌ಮೆಮ್_ಮ್ಯಾಕ್ಸ್' ಕೂಡ ಏರಿಸಿ.

ಆದರೆ ಎರಡು ಕ್ಯಾಮೆರಾ ಒಟ್ಟಿಗೆ ಓಡಿದಾಗ ಮಾತ್ರ ಎರರ್ ಬರುವುದರಿಂದ ನನ್ನ ಅನುಮಾನ ಇರುವುದು ಸ್ವಿಚ್ ಮೇಲೆ. ಸರಾಸರಿ ಲೆಕ್ಕ ಇಲ್ಲಿ ಮೋಸ ಮಾಡುತ್ತದೆ. ಐದು ಚಿತ್ರ, ಎರಡು ಕ್ಯಾಮೆರಾ: ಸೆಕೆಂಡಿಗೆ ಸುಮಾರು 50 ಮೆಗಾಬೈಟ್. ಗಿಗಾಬಿಟ್ ತಂತಿಯ ಮಿತಿ 125. ಸಾಕು ಅನಿಸುತ್ತದೆ. ಆದರೆ ಬಾಟಲಿ ಬಂದದ್ದನ್ನು ಗುರುತಿಸುವ ಒಂದೇ ಸೆನ್ಸರ್ ಎರಡನ್ನೂ ಒಂದೇ ಗಳಿಗೆಯಲ್ಲಿ ಟ್ರಿಗರ್ ಮಾಡುತ್ತದೆ, ಅಂದರೆ ಚಿತ್ರ ತೆಗೆಯಲು ಸಂಕೇತ ಕೊಡುತ್ತದೆ. ಎರಡೂ ತಮ್ಮ ತಮ್ಮ ತಂತಿಯಲ್ಲಿ ಪೂರ್ತಿ ವೇಗದಲ್ಲಿ ಸುರಿಯುತ್ತವೆ, ಸ್ವಿಚ್‌ನಿಂದ ಕಂಪ್ಯೂಟರಿಗೆ ಇರುವುದು ಒಂದೇ ತಂತಿ. ಸ್ವಿಚ್‌ನ ಸಣ್ಣ ಮೆಮೊರಿ ತುಂಬಿ ಉಳಿದ ಪ್ಯಾಕೆಟ್ ಬಿದ್ದುಹೋಗುತ್ತವೆ.

ಒಳ್ಳೆಯ ಪರಿಹಾರ ಎರಡು ಪೋರ್ಟ್‌ನ ಕಾರ್ಡ್: ಒಂದೊಂದು ಕ್ಯಾಮೆರಾಗೆ ಒಂದೊಂದು ಪೋರ್ಟ್, ಬೇರೆ ಬೇರೆ ಸಬ್‌ನೆಟ್, ಸ್ಥಿರ ಐಪಿ. ಅದು ಆಗದಿದ್ದರೆ ಪ್ಯಾಕೆಟ್ ನಡುವೆ ಅಂತರ ಕೊಡಿ, 'ಗೆವ್ ಎಸ್‌ಸಿಪಿಡಿ'. 8192 ಬೈಟ್ ತಂತಿ ದಾಟಲು ಸುಮಾರು 66 ಮೈಕ್ರೊಸೆಕೆಂಡ್ ಬೇಕು. ಅದಕ್ಕಿಂತ ತುಸು ಹೆಚ್ಚು, 72 ಇಡಿ. ಆಗ ಒಂದೊಂದು ಕ್ಯಾಮೆರಾ ಅರ್ಧ ತಂತಿಯನ್ನಷ್ಟೇ ಬಳಸುತ್ತದೆ. ಈ ಅಂಕಿ ಬರೆಯಬೇಕಾದ್ದು ಟಿಕ್ (ಕ್ಯಾಮೆರಾ ಗಡಿಯಾರದ ಒಂದು ಬಡಿತ) ಲೆಕ್ಕದಲ್ಲಿ. 'ಗೆವ್ ಟೈಮ್‌ಸ್ಟ್ಯಾಂಪ್ ಟಿಕ್ ಫ್ರೀಕ್ವೆನ್ಸಿ' 125 ಮೆಗಾಹರ್ಟ್ಸ್ ತೋರಿಸಿದರೆ ಒಂದು ಟಿಕ್ 8 ನ್ಯಾನೊಸೆಕೆಂಡ್, ಅಂದರೆ 9000. ಒಂದು ಚಿತ್ರ ಇಳಿಯಲು ಸುಮಾರು 85 ಮಿಲಿಸೆಕೆಂಡ್ ಆಗುತ್ತದೆ. ಬಾಟಲಿಗೂ ಬಾಟಲಿಗೂ ನಡುವೆ ನಿಮಗೆ 200 ಮಿಲಿಸೆಕೆಂಡ್ ಇದೆ.

ಮಸುಕಿಗೆ ಲೈಬ್ರರಿ ಕಾರಣವೇ ಅಲ್ಲ. ಕ್ಯಾಮೆರಾ ನೋಡುವ ಅಗಲ 245 ಮಿಮೀ ಅಂತ ಇಟ್ಟುಕೊಂಡರೆ ಒಂದು ಪಿಕ್ಸೆಲ್ ಅಂದರೆ 0.1 ಮಿಮೀ. 5000 ಮೈಕ್ರೊಸೆಕೆಂಡಿನಲ್ಲಿ ಬಾಟಲಿ 2.5 ಮಿಮೀ ಮುಂದೆ ಹೋಗಿರುತ್ತದೆ, ಅಂದರೆ 25 ಪಿಕ್ಸೆಲ್ ಎಳೆದ ಹಾಗೆ. ಮುಚ್ಚಳದ ಅಂಚಿನ ಹಲ್ಲುಗಳೆಲ್ಲ ಒಂದೇ ಬೂದು ಪಟ್ಟಿಯಾಗಿ ಕಾಣುವುದು ಅದಕ್ಕೇ. ಒಂದು ಪಿಕ್ಸೆಲ್ ಒಳಗೆ ಇರಬೇಕಾದರೆ 200 ಮೈಕ್ರೊಸೆಕೆಂಡ್ ದಾಟಬಾರದು. ಬೆಳಕು 25 ಪಟ್ಟು ಕಡಿಮೆ ಬೀಳುತ್ತದೆ. ಗೇನ್ (ಸಿಗ್ನಲ್ ಹಿಗ್ಗಿಸುವ ಸೆಟ್ಟಿಂಗ್) ಏರಿಸಿ ಅದನ್ನು ತುಂಬಲು ಹೋಗಬೇಡಿ, ಚಿತ್ರದ ತುಂಬಾ ಕಾಳು ಬರುತ್ತದೆ. ಲೈಟ್ ಹೆಚ್ಚಿಸಿ, ಲೆನ್ಸ್ ಐರಿಸ್ ತೆರೆಯಿರಿ. ಲೈಟ್ ಡಿಸಿಯಲ್ಲಿ ಓಡುವ ಎಲ್‌ಇಡಿಯೇ ಆಗಿರಲಿ. ನಮ್ಮ 50 ಹರ್ಟ್ಸ್ ಕರೆಂಟಿನ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ, 200 ಮೈಕ್ರೊಸೆಕೆಂಡಿಗೆ ಒಂದು ಚಿತ್ರ ಬೆಳ್ಳಗೆ, ಮುಂದಿನದು ಕಪ್ಪಗೆ ಬರುತ್ತದೆ.

ಹೆಸರಿನ ಗೊಂದಲವೂ ಗೊತ್ತಿರಲಿ: ಹಳೆಯ ಗಿಗ್ಇ ಏಸ್‌ನಲ್ಲಿ 'ಎಕ್ಸ್‌ಪೋಷರ್‌ಟೈಮ್‌ಆಬ್ಸ್', 'ಗೇನ್‌ರಾ', ಯುಎಸ್‌ಬಿ ಕ್ಯಾಮೆರಾ ಮತ್ತು ಏಸ್ 2ರಲ್ಲಿ 'ಎಕ್ಸ್‌ಪೋಷರ್‌ಟೈಮ್', 'ಗೇನ್'. ಒಂದರ ಕೋಡ್ ಇನ್ನೊಂದಕ್ಕೆ ಹಾಕಿದರೆ ಎರರ್ ಬರುವುದು ಸಹಜ.

ಟ್ರಿಗರ್‌ಗೆ ಮೊದಲು 'ಟ್ರಿಗರ್‌ಸೆಲೆಕ್ಟರ್' ಫ್ರೇಮ್‌ಸ್ಟಾರ್ಟ್, ಆಮೇಲೆ 'ಟ್ರಿಗರ್‌ಮೋಡ್' ಆನ್, 'ಟ್ರಿಗರ್‌ಸೋರ್ಸ್' ಲೈನ್1. ಮೋಟಾರ್ ಕೇಬಲ್ ಪಕ್ಕದಲ್ಲೇ ಸೆನ್ಸರ್ ತಂತಿ ಎಳೆದಿದ್ದರೆ ಬಾಟಲಿ ಇಲ್ಲದೆಯೂ ಟ್ರಿಗರ್ ಬರುತ್ತದೆ. ತಂತಿ ದೂರ ಸರಿಸಿ, ಅದಕ್ಕಿಂತ ಚಿಕ್ಕ ಸಂಕೇತವನ್ನು ಲೆಕ್ಕಿಸದಂತೆ ಮಾಡುವ ಲೈನ್ ಡಿಬೌನ್ಸರ್ 50 ಮೈಕ್ರೊಸೆಕೆಂಡ್ ಕೊಡಿ. ಚಿತ್ರ ಅಷ್ಟೇ ತಡವಾಗುತ್ತದೆ, ಬೆಲ್ಟ್ ಮೇಲೆ 0.025 ಮಿಮೀ. ಎರಡು ಕ್ಯಾಮೆರಾ ಇರುವಾಗ 'ಕ್ರಿಯೇಟ್‌ಫಸ್ಟ್‌ಡಿವೈಸ್' ಬಿಟ್ಟು ಸೀರಿಯಲ್ ನಂಬರ್ ಹಿಡಿದು ತೆರೆಯಿರಿ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ದಿನ ಎಡ ಬಲ ಅದಲುಬದಲಾಗಬಹುದು. ವ್ಯೂವರ್ ತೆರೆದಿಟ್ಟು ಪೈಥಾನ್ ಓಡಿಸಿದರೆ ಕ್ಯಾಮೆರಾ ತೆರೆಯುವುದಿಲ್ಲ, ಅದನ್ನು ಮೊದಲು ಮುಚ್ಚಿ.

ಇಷ್ಟು ಮಾಡಿ ಒಂದು ಗಂಟೆ ಓಡಿಸಿ, 'ಸ್ಟ್ರೀಮ್‌ಗ್ರ್ಯಾಬರ್' ಒಳಗಿನ ಮೂರು ಎಣಿಕೆ ಓದಿ: ಫೇಲ್ಡ್ ಬಫರ್ (ಕೆಟ್ಟು ಬಂದ ಚಿತ್ರ), ಬಫರ್ ಅಂಡರ್‌ರನ್ (ಖಾಲಿ ಬಫರ್ ಸಿಗದೆ ಹೋದ ಚಿತ್ರ), ರೀಸೆಂಡ್ ಪ್ಯಾಕೆಟ್ (ಮತ್ತೆ ಕೇಳಿದ ಪ್ಯಾಕೆಟ್). ಅಂಡರ್‌ರನ್ ಏರಿದರೆ ತಪ್ಪು ಇನ್ನೂ ನಿಮ್ಮ ಕೋಡ್‌ನಲ್ಲಿದೆ, ರೀಸೆಂಡ್ ಏರಿದರೆ ಕೇಬಲ್ ಅಥವಾ ಸ್ವಿಚ್‌ನಲ್ಲಿ. ಆ ಮೂರು ಅಂಕಿ ಇಲ್ಲಿ ಬರೆದರೆ ಮುಂದೆ ನೋಡೋಣ.