ಅಡ್ವಾನ್ಸ್ ದುಡ್ಡು ವಾಪಸ್ ಕೊಡಬೇಕಾ?

ಪ್ರಶ್ನೆ: ನಮ್ಮ ಪಕ್ಕದ ಮನೆಯವರು ರೇಷ್ಮೆ ರೀಲಿಂಗ್ ಕೂಲಿಗಳು, ಮನೆಮಾತು ಉರ್ದು. ಹೋಟೆಲ್ ಕೆಲಸ ಅಂತ ಹೇಳಿ, ತಾಯಿ ಕೈಗೆ 25,000 ಅಡ್ವಾನ್ಸ್ ಇಟ್ಟು, ಏಜೆಂಟ್ ಒಬ್ಬ ಅವರ ಮಗನನ್ನು ಬೆಂಗಳೂರಿನ ಆಚೆಯ ಗುಜರಿ ಗೋಡೌನಿಗೆ ಸೇರಿಸಿದ. ಫೋನ್ ಕಿತ್ತುಕೊಂಡು ಒಂಬತ್ತು ತಿಂಗಳು ಸಂಬಳವಿಲ್ಲದೆ ದುಡಿಸಿದ್ದಾರೆ. ಹುಡುಗ ತಪ್ಪಿಸಿಕೊಂಡು ಬಂದಿದ್ದಾನೆ, ಈಗ 17 ವರ್ಷ. ಏಜೆಂಟ್ ದುಡ್ಡು ವಾಪಸ್ ಕೇಳುತ್ತಿದ್ದಾನೆ. ಒಂದು ಕಚೇರಿಯಲ್ಲಿ ‘ಅಲ್ಪಸಂಖ್ಯಾತರ ಇಲಾಖೆಗೆ ಹೋಗಿ’ ಅಂದರು, ಅಲ್ಲಿ ‘ಇದು ನಮ್ಮದಲ್ಲ’ ಅಂದರು.
– ಹೆಸರು ಬೇಡ, ಶಿಡ್ಲಘಟ್ಟ

ಉತ್ತರ: ಒಂದು ಪೈಸೆಯೂ ಕೊಡಬೇಡಿ ಅಂತ ಮೊದಲು ಆ ತಾಯಿಗೆ ಹೇಳಿ. ಹೀಗೆ ಅಡ್ವಾನ್ಸ್ ಕೊಟ್ಟು ಬಿಟ್ಟಿ ದುಡಿಸಿದರೆ ಆ ದುಡ್ಡು ಜೀತದ ಸಾಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅದನ್ನು ತೀರಿಸುವ ಹೊಣೆಯೇ ಇಲ್ಲ. ವಸೂಲಿ ಮಾಡಿದವನಿಗೆ ಮೂರು ವರ್ಷದವರೆಗೆ ಜೈಲು. ಅದು ಜೀತದ ಸಾಲವಲ್ಲ ಅಂತ ರುಜುವಾತು ಮಾಡಬೇಕಾದವನೂ ದುಡ್ಡು ಕೊಟ್ಟವನೇ. ಜೀತ ಅಂದರೆ ನಮ್ಮ ಕಚೇರಿಗಳ ಕಣ್ಣಿಗೆ ಇನ್ನೂ ಯಜಮಾನರ ದನದ ಕೊಟ್ಟಿಗೆಯೇ ಬರುತ್ತದೆ, ಗುಜರಿ ಗೋಡೌನ್ ಬರುವುದಿಲ್ಲ.

ಈ ಸುತ್ತಾಟ ನನಗೂ ಗೊತ್ತು. ವಕೀಲಿಕೆಯ ಮೊದಲ ವರ್ಷಗಳಲ್ಲಿ ಇಂಥದೇ ಅರ್ಜಿಯನ್ನು ‘ಬಡ ಮುಸ್ಲಿಂ ಕುಟುಂಬದ’ ಎಂದು ಶುರುಮಾಡಿದ್ದೆ. ಫೈಲು ಸಾಲ–ಸ್ಕಾಲರ್‌ಶಿಪ್ ಟೇಬಲ್ಲಿಗೆ ಹೋಗಿ ಐದು ತಿಂಗಳು ಅಲ್ಲೇ ಮಲಗಿತು. ಈಗ ನನ್ನ ಮೊದಲ ಸಾಲಿನಲ್ಲಿ ಮೂರೇ ಮಾತು: ಅಡ್ವಾನ್ಸ್, ಮಾನವ ಸಾಗಣೆ, ಜೀತ.

ಅರ್ಜಿ ಉಪವಿಭಾಗಾಧಿಕಾರಿಗೆ ಕೊಡಿ, ಜೀತದಿಂದ ಬಿಡುಗಡೆಯಾದ ಪತ್ರ ಕೇಳಿ. ಅದರ ಮೇಲೆ ತುರ್ತಾಗಿ 30,000 ರೂಪಾಯಿವರೆಗೆ ನೆರವುಂಟು. ಜೀತಕ್ಕೆ ಬಿದ್ದ ಮಕ್ಕಳಿಗೆ ಒಟ್ಟು ಪುನರ್ವಸತಿ ಮೊತ್ತ 2 ಲಕ್ಷ ಅಂತ ಇದೆ, ಆದರೆ ಅದನ್ನು ನಂಬಿ ಈಗಲೇ ಕೈಸಾಲ ಮಾಡಿಕೊಳ್ಳಬೇಡಿ ಅನ್ನಿ.

ಹುಡುಗನಿಗೆ 18 ತುಂಬಿಲ್ಲ, ಹಾಗಾಗಿ ಮಕ್ಕಳ ಕಲ್ಯಾಣ ಸಮಿತಿಯ ಬಾಗಿಲೂ ತೆರೆದಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಸಾಕು. ವಯಸ್ಸಿಗೆ ಶಾಲೆಯ ದಾಖಲೆ ನಡೆಯುತ್ತದೆ, ಆಧಾರ್ ಇಲ್ಲ ಅಂತ ತಡಮಾಡಬೇಡಿ. ಪೊಲೀಸರು ‘ಘಟನೆ ಬೆಂಗಳೂರಲ್ಲಿ ಆಗಿದೆ’ ಅಂದರೆ ಜೀರೋ ಎಫ್‌ಐಆರ್ ಕೇಳಿ. ಎಲ್ಲಿ ನಡೆದಿದ್ದರೂ ನಿಮ್ಮ ಠಾಣೆಯಲ್ಲೇ ಬರೆದುಕೊಳ್ಳಬೇಕು.

ವಕೀಲರಿಗೆ ದುಡ್ಡಿಲ್ಲವೇ? ಶಿಡ್ಲಘಟ್ಟ ಕೋರ್ಟಿನಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಉಚಿತ ನೆರವಿನ ಕಾನೂನಿನಲ್ಲಿ ಧರ್ಮದ ಕಾಲಂ ಇಲ್ಲ, ಮಾನವ ಸಾಗಣೆಗೆ, ಬಿಟ್ಟಿ ದುಡಿತಕ್ಕೆ ಸಿಕ್ಕಿದವರು ಅಂತ ನೇರವಾಗಿಯೇ ಇದೆ. ಆದಾಯ ಪ್ರಮಾಣಪತ್ರವೂ ಬೇಡ. ಫೋನ್ 15100.

ಒಂದು ಮಾತು. ಹುಡುಗ ಉರ್ದುವಿನಲ್ಲೇ ಹೇಳಲಿ. ಅವನ ಬದಲು ಚಿಕ್ಕಪ್ಪನೋ ಮೊಹಲ್ಲಾದ ಹಿರಿಯರೋ ಕನ್ನಡದಲ್ಲಿ ಹೇಳಿದಾಗ ‘ಹೊಡೆದರು’ ಅನ್ನುವುದು ‘ಬೈದರು’ ಆಗುವುದನ್ನು ಕೋರ್ಟಿನಲ್ಲಿ ಕಂಡಿದ್ದೇನೆ. ಗೋಡೌನಿನ ಬೋರ್ಡು, ಹತ್ತಿರದ ಬಸ್ ಸ್ಟಾಪು, ಜೊತೆಗಿದ್ದ ಹುಡುಗರ ಹೆಸರು, ಎಲ್ಲ ಇವತ್ತು ರಾತ್ರಿಯೇ ಬರೆಸಿಡಿ. ಅಲ್ಲಿ ಇನ್ನೂ ಯಾರಾದರೂ ಉಳಿದಿದ್ದಾರಾ ಅಂತಲೂ ಕೇಳಿ.