ಹೃದಯದ ಸ್ನಾಯು ಸೋತಾಗ ವಾಲ್ವ್ ಯಾಕೆ ಸೋರುತ್ತದೆ?

ನೀವು ಕೇಳಿರುವುದು ಇಷ್ಟು: ತಂದೆಗೆ ಡೈಲೇಟೆಡ್ ಕಾರ್ಡಿಯೋಮಯೋಪತಿ (ಹೃದಯದ ಸ್ನಾಯು ಸೋತು ಹಿಗ್ಗುವ ಕಾಯಿಲೆ) ಇದೆ, ಇಎಫ್ (ಕೆಳಗಿನ ಎಡ ಕೋಣೆಯಲ್ಲಿರುವ ರಕ್ತದಲ್ಲಿ ಒಂದು ಬಡಿತಕ್ಕೆ ಶೇಕಡಾ ಎಷ್ಟು ಹೊರಹೋಗುತ್ತದೆ ಎಂಬ ಲೆಕ್ಕ) 30. ಈ ಸಲದ ಎಕೋದಲ್ಲಿ ‘ಮಾಡರೇಟ್ ಎಂಆರ್’, ಅಂದರೆ ಮೈಟ್ರಲ್ ವಾಲ್ವಿನಲ್ಲಿ ಮಧ್ಯಮ ಸೋರಿಕೆ, ಅಂತ ಹೊಸದಾಗಿ ಬರೆದಿದ್ದಾರೆ. ಹಾಗಾದರೆ ವಾಲ್ವೂ ಕೆಟ್ಟಿತಾ, ಅದನ್ನು ಬದಲಾಯಿಸಬೇಕಾ?

ನಾನು ಎಕೋ ಮಾಡುವ ಕೆಲಸದಲ್ಲಿದ್ದೇನೆ. ಸ್ನಾಯು ಸೋತ ಹೃದಯದಲ್ಲಿ ಸೋರುವ ವಾಲ್ವನ್ನು ಹತ್ತಿರದಿಂದ ನೋಡಿದರೆ, ಹೆಚ್ಚಿನ ಸಲ ವಾಲ್ವ್ ಚೆನ್ನಾಗಿಯೇ ಇರುತ್ತದೆ. ಆಕಾರ ಕೆಟ್ಟಿರುವುದು ಅದನ್ನು ಹಿಡಿದುಕೊಂಡಿರುವ ಹೃದಯದ್ದು. ಡಾಕ್ಟರುಗಳು ಇದನ್ನು ಫಂಕ್ಷನಲ್ ಅಥವಾ ಸೆಕೆಂಡರಿ ಎಂಆರ್ ಅನ್ನುತ್ತಾರೆ.

ಮೈಟ್ರಲ್ ವಾಲ್ವ್ ಇರುವುದು ಹೃದಯದ ಎಡಗಡೆ, ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ. ಅದಕ್ಕೆ ಎರಡು ತೆಳು ಪದರಗಳು. ಪದರಗಳಿಂದ ಹೊರಟ ಸಣ್ಣ ಎಳೆಗಳು ಕೆಳಗಿನ ಕೋಣೆಯ ಗೋಡೆಯಲ್ಲಿರುವ ಎರಡು ಪುಟ್ಟ ಸ್ನಾಯುಗಳಿಗೆ ಸೇರಿಕೊಂಡಿರುತ್ತವೆ. ಹೃದಯ ಹಿಂಡಿದಾಗ ಒತ್ತಡಕ್ಕೆ ಪದರಗಳು ಮೇಲೆದ್ದು, ಒಂದಕ್ಕೊಂದು ಒತ್ತಿಕೊಂಡು ಮುಚ್ಚುತ್ತವೆ. ಅವು ಮೇಲಕ್ಕೆ ಮಗುಚದ ಹಾಗೆ ಎಳೆಗಳು ಹಿಡಿದಿಡುತ್ತವೆ.

ಈಗ ಕೆಳಗಿನ ಕೋಣೆ ಹಿಗ್ಗಿತು ಅಂದುಕೊಳ್ಳಿ. ಗೋಡೆ ಹೊರಕ್ಕೆ ಸರಿದಂತೆ ಆ ಪುಟ್ಟ ಸ್ನಾಯುಗಳೂ ಅದರ ಜೊತೆ ದೂರ ಹೋಗುತ್ತವೆ. ಎಳೆಗಳು ಮಾತ್ರ ಅಷ್ಟು ಉದ್ದವಾಗುವುದಿಲ್ಲ. ಹಾಗಾಗಿ ಪದರಗಳನ್ನು ಕೆಳಕ್ಕೆ ಎಳೆದುಬಿಡುತ್ತವೆ. ಮುಚ್ಚುವ ಹೊತ್ತಿಗೆ ಪದರಗಳು ಪೂರ್ತಿ ಮೇಲೇಳುವುದಿಲ್ಲ, ನಡುವೆ ಸಂದಿ ಉಳಿಯುತ್ತದೆ. ಮುಖ್ಯ ಕಾರಣ ಇದೇ. ವಾಲ್ವಿನ ಸುತ್ತಲಿನ ಉಂಗುರವೂ ಅಗಲವಾದರೆ, ಚೌಕಟ್ಟು ಹಿಗ್ಗಿದ ಜೋಡಿ ಬಾಗಿಲಿನ ಹಾಗೆ ಸಂದಿ ಇನ್ನೂ ದೊಡ್ಡದಾಗುತ್ತದೆ. ಸೋತ ಸ್ನಾಯು ಮೆತ್ತಗೆ ಹಿಂಡುವುದರಿಂದ ಪದರಗಳನ್ನು ಒತ್ತಿ ಮುಚ್ಚುವ ಬಲವೂ ಕಡಿಮೆ.

ಹಾರ್ಟ್ ಅಟ್ಯಾಕ್ ಆದವರ ಕಥೆ ಸ್ವಲ್ಪ ಬೇರೆ. ಹಿಂಬದಿ ಗೋಡೆಯ ಒಂದು ಭಾಗ ಸೋತು ಒಂದು ಪುಟ್ಟ ಸ್ನಾಯು ಜಾಗ ಬಿಟ್ಟರೂ ಸಾಕು, ಇಎಫ್ ಅಷ್ಟೇನೂ ಇಳಿಯದೆಯೇ ಸೋರಿಕೆ ಜೋರಾಗಿರಬಹುದು.

ಲೆಫ್ಟ್ ಬಂಡಲ್ ಬ್ರಾಂಚ್ ಬ್ಲಾಕ್ (ಹೃದಯದ ಎಡಗಡೆಗೆ ವಿದ್ಯುತ್ ಸಂಕೇತ ತಡವಾಗಿ ಮುಟ್ಟುವ ತೊಂದರೆ) ಇದೆಯಾ ಅಂತಲೂ ಇಸಿಜಿಯಲ್ಲಿ ನೋಡಿಸಿ. ಅದಿದ್ದರೆ ಗೋಡೆಗಳು ಒಟ್ಟಿಗೆ ಹಿಂಡುವುದಿಲ್ಲ, ಆ ಎರಡು ಪುಟ್ಟ ಸ್ನಾಯುಗಳ ತಾಳವೂ ತಪ್ಪುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ (ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಅದುರುವ ತೊಂದರೆ) ಬಹಳ ಕಾಲದಿಂದ ಇದ್ದರೆ ಮೇಲಿನ ಕೋಣೆ ಹಿಗ್ಗಿ ಉಂಗುರವನ್ನು ಅಗಲ ಮಾಡುತ್ತದೆ. ಬಲಗಡೆಯ ಟ್ರೈಕಸ್ಪಿಡ್ ವಾಲ್ವೂ ಹೀಗೆಯೇ ಸೋರಬಹುದು. ಶ್ವಾಸಕೋಶದ ಕಡೆ ಒತ್ತಡ ಏರಿ ಬಲಗಡೆಯೂ ಹಿಗ್ಗಿದಾಗ ರಿಪೋರ್ಟಿನಲ್ಲಿ ‘ಟಿಆರ್’, ಅಂದರೆ ಈ ಬಲಗಡೆಯ ಸೋರಿಕೆ, ಕಾಣುವುದು ಸಾಮಾನ್ಯ.

ಸೋರಿಕೆಯನ್ನು ಸುಮ್ನೆ ಬಿಡುವಂತಿಲ್ಲ. ಹಿಂದಕ್ಕೆ ಹೋದ ರಕ್ತ ಮುಂದಿನ ಬಡಿತಕ್ಕೆ ಮತ್ತೆ ಕೆಳಗೆ ಬರುತ್ತದೆ. ಕೋಣೆ ಇನ್ನಷ್ಟು ಹಿಗ್ಗುತ್ತದೆ, ಸೋರಿಕೆ ಇನ್ನಷ್ಟು ಏರುತ್ತದೆ. ಇಎಫ್ ಲೆಕ್ಕದಲ್ಲಿ ಹಿಂದಕ್ಕೆ ಹೋದ ರಕ್ತವೂ ಸೇರಿರುವುದರಿಂದ, ದೇಹಕ್ಕೆ ನಿಜವಾಗಿ ಸಿಗುವುದು ಆ ಅಂಕಿ ಹೇಳುವುದಕ್ಕಿಂತ ಕಡಿಮೆ. ಇದನ್ನು ರೋಗಿಗಳಿಗೆ ಯಾರೂ ಬಿಡಿಸಿ ಹೇಳುವುದಿಲ್ಲ.

ಹಾಗಂತ ಒಂದೇ ಎಕೋ ನೋಡಿ ಹೆದರಬೇಡಿ. ಈ ಸೋರಿಕೆ ಬಿಪಿ, ಮೈಯಲ್ಲಿ ತುಂಬಿದ ನೀರು, ಮೈಗೆ ಬೀಳುವ ಶ್ರಮದ ಮೇಲೆ ಏರಿಳಿಯುತ್ತದೆ. ನೀರು ತುಂಬಿದಾಗ ‘ಸಿವಿಯರ್’ ಇದ್ದದ್ದು, ನೀರಿಳಿದ ಮೇಲೆ ‘ಮೈಲ್ಡ್’ ಆಗಿದ್ದನ್ನು ನಾನೇ ನೋಡಿದ್ದೇನೆ.

ಹಾಗಾಗಿ ಮೊದಲ ಚಿಕಿತ್ಸೆ ಸ್ನಾಯುವಿಗೆ. ಹಾರ್ಟ್ ಫೇಲ್ಯೂರ್ ಮಾತ್ರೆಗಳನ್ನು ರೋಗಿಯ ದೇಹ ತಡೆದುಕೊಳ್ಳುವಷ್ಟು ಡೋಸಿಗೆ ಏರಿಸಿ, ಕೆಲವು ತಿಂಗಳು ಬಿಟ್ಟು ಮತ್ತೆ ಎಕೋ ಮಾಡುತ್ತಾರೆ. ಹೃದಯ ಕುಗ್ಗಿದರೆ ಸೋರಿಕೆಯೂ ಕಡಿಮೆಯಾಗುತ್ತದೆ. ಲೆಫ್ಟ್ ಬಂಡಲ್ ಬ್ರಾಂಚ್ ಬ್ಲಾಕ್ ಇದ್ದು, ಇಸಿಜಿಯಲ್ಲಿ ಕೆಳಗಿನ ಕೋಣೆಗಳ ವಿದ್ಯುತ್ ಸಂಕೇತ ತೋರಿಸುವ ಕ್ಯೂಆರ್‌ಎಸ್ 150 ಮಿಲಿಸೆಕೆಂಡಿಗಿಂತ ಅಗಲ ಇದ್ದರೆ, ಗೋಡೆಗಳನ್ನು ಒಟ್ಟಿಗೆ ಹಿಂಡಿಸುವ ಸಿಆರ್‌ಟಿ ಪೇಸ್‌ಮೇಕರ್ ಚೆನ್ನಾಗಿ ಕೆಲಸ ಮಾಡಬಹುದು. ಇಷ್ಟಾದರೂ ಸೋರಿಕೆ ಜೋರಾಗಿದ್ದರೆ ಎರಡು ಪದರಗಳನ್ನು ಸೇರಿಸಿ ಹಿಡಿಯುವ ಕ್ಲಿಪ್ ಹಾಕುವ ಮಾತು ಬರುತ್ತದೆ. 2018ರಲ್ಲಿ ಎರಡು ಅಧ್ಯಯನಗಳು ಇದರ ಬಗ್ಗೆ ಬೇರೆ ಬೇರೆ ಉತ್ತರ ಕೊಟ್ಟವು. ಫ್ರಾನ್ಸಿನ ಮಿಟ್ರಾ-ಎಫ್‌ಆರ್‌ನಲ್ಲಿ ಲಾಭ ಕಾಣಲಿಲ್ಲ. ಕೋಆಪ್ಟ್‌ನಲ್ಲಿ ಆಸ್ಪತ್ರೆ ಸೇರುವುದೂ ಸಾವೂ ಕಡಿಮೆಯಾದವು. ಕೋಆಪ್ಟ್‌ಗೆ ಸೇರಿಸಿದ್ದು ಪೂರ್ತಿ ಔಷಧಿ ಕೊಟ್ಟರೂ ಸೋರಿಕೆ ನಿಲ್ಲದವರನ್ನು, ಅದರಲ್ಲೂ ಹೃದಯ ತೀರಾ ಹಿಗ್ಗಿರದವರನ್ನು. ಮಾಡರೇಟ್ ಹಂತದಲ್ಲಿರುವ ನಿಮ್ಮ ತಂದೆಗೆ ಈಗಲೇ ಆ ಚಿಂತೆ ಬೇಡ ಅನ್ನಿಸುತ್ತದೆ.

ಮುಂದಿನ ಸಲ ಡಾಕ್ಟರಲ್ಲಿ ಎರಡು ವಿಷಯ ಕೇಳಿ: ಮಾತ್ರೆಗಳ ಡೋಸ್ ಇನ್ನೂ ಏರಿಸಬಹುದಾ, ಪದರಗಳಲ್ಲೇ ಏನಾದರೂ ತೊಂದರೆ ಇದೆಯಾ. ನಡುವೆ ಇದ್ದಕ್ಕಿದ್ದಂತೆ ಉಸಿರಾಟ ಕಷ್ಟವಾದರೆ, ಮಲಗಲು ಆಗದಿದ್ದರೆ, ಅಪಾಯಿಂಟ್‌ಮೆಂಟಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.