ಬಾಕ್ಸರ್ ಮ್ಯಾನಿ ಪ್ಯಾಕ್ವಿಯಾವ್ ಎಂಟು ತೂಕದ ವಿಭಾಗಗಳಲ್ಲಿ ವಿಶ್ವ ಚಾಂಪಿಯನ್ ಆಗಿದ್ದು ಹೇಗೆ?

ಅವರು ಶುರು ಮಾಡಿದ್ದೇ ತೀರಾ ಕೆಳಗಿನ ತೂಕದಲ್ಲಿ. ಮೇಲೇರುವಾಗ ವೇಗವನ್ನೂ ಬಿಟ್ಟುಕೊಡಲಿಲ್ಲ.

1995ರಲ್ಲಿ ವೃತ್ತಿಪರ ಬಾಕ್ಸಿಂಗ್‌ಗೆ ಬಂದಾಗ ಅವರು 16ರ ಹುಡುಗ, ತೂಕ 48 ಕೆಜಿ ಆಸುಪಾಸು. ಫಿಲಿಪೀನ್ಸ್‌ನ ಕಡುಬಡತನದಲ್ಲಿ ಅರೆಹೊಟ್ಟೆಯಲ್ಲಿ ಬೆಳೆದ ದೇಹ ಅದು, ಇನ್ನೂ ತುಂಬಿಕೊಳ್ಳಬೇಕಿತ್ತು. 1998ರಲ್ಲಿ ಫ್ಲೈವೇಟ್ (50.8 ಕೆಜಿ ಮಿತಿ) ಚಾಂಪಿಯನ್ ಆದರು. ಮರುವರ್ಷ ಆ ಮಿತಿಯೊಳಗೆ ಇಳಿಯಲಾಗದೆ, ತಕ್ಕಡಿಯ ಮೇಲೇ ಪಟ್ಟ ಹೋಯಿತು!

ಅಲ್ಲಿಂದ ಮೇಲಿನ ವಿಭಾಗಗಳಿಗೆ ಹೋದರು. ಎಷ್ಟೋ ಬಾಕ್ಸರ್‌ಗಳು ಪಂದ್ಯಕ್ಕೆ ಮೊದಲು ಮೈಯ ನೀರು ಇಳಿಸಿ ತೂಕ ಕಡಿಮೆ ಮಾಡುತ್ತಾರೆ, ಸುಸ್ತಾಗುತ್ತಾರೆ. ದೊಡ್ಡ ವಿಭಾಗಗಳಲ್ಲಿ ಪ್ಯಾಕ್ವಿಯಾವ್‌ಗೆ ಆ ಕಷ್ಟ ಇರಲಿಲ್ಲ. ಜೊತೆಗೆ ಎಡಗೈ ಹೊಡೆತ, ಮತ್ತೆ 2001ರಿಂದ ಕೋಚ್ ಫ್ರೆಡ್ಡಿ ರೋಚ್ ತಿದ್ದಿದ ಬಲಗೈ. ದೊಡ್ಡ ಎದುರಾಳಿ ತಿರುಗುವಷ್ಟರಲ್ಲಿ ಇವರು ಪಕ್ಕಕ್ಕೆ ಸರಿದು ಇನ್ನೊಂದು ಹೊಡೆತ ಬಿಟ್ಟಿರುತ್ತಿದ್ದರು.

2010ರಲ್ಲಿ ತಮಗಿಂತ ಎತ್ತರದ ಆಂಟೋನಿಯೊ ಮಾರ್ಗರಿಟೊ ಅವರನ್ನು ಸೋಲಿಸಿ ಎಂಟನೇ ವಿಭಾಗ ಗೆದ್ದರು. ಆ ಪಂದ್ಯಕ್ಕೆ ವಿಭಾಗದ ಮಿತಿಗಿಂತ ಕಡಿಮೆ, ಸುಮಾರು 68 ಕೆಜಿ ಮಿತಿ ಒಪ್ಪಿಕೊಂಡಿದ್ದರು ಅಂತ ಕೆಲವರು ತಕರಾರು ಮಾಡುತ್ತಾರೆ. ಮಾಡಲಿ ಬಿಡಿ, ಪ್ಯಾಕ್ವಿಯಾವ್ ಅದಕ್ಕಿಂತಲೂ ಹಗುರವಾಗಿದ್ದರು.